ಸಾವಕಾರ್ರ ಮಾರಿ ಕೊರೆದ ವರ್ಷ

ರಾಯಚೂರಿನ ತೀನ್ ಕಂದೀಲ್ ಹತ್ರ ಒಂದು ಚಪ್ಪಲ್ ದುಕಾನದಾಗ ಮೊನ್ನೆ ಶನಿವಾರ ಕುಂತಿದ್ದೆ. ಹೊರಗ ಜಿಟಿಜಿಟಿ ಮಳಿ, ಒಳಗ ಹೊಸಾ ರಬ್ಬರಿನ ವಾಸನಿ. ದುಕಾನದಾವ ಒಂದು ಹವಾಯಿ ಚಪ್ಪಲ್ ತೊಗೊಂಡು ಮಡಚಿ, ಬಿಟ್ಟು, "ನೋಡ್ರಿ ಮೇಡಂ, ಮುರಿಯಂಗಿಲ್ಲ, ಸವಿಯಂಗಿಲ್ಲ" ಅಂತ ತೋರಿಸಿದ. ನಾ ಅದನ್ನ ಕೈಯಾಗ ಹಿಡದು ಹೆಬ್ಬೆರಳಿನ ಉಗುರಿಲೆ ಒತ್ತಿ ನೋಡಿದೆ. ಚಪ್ಪಲ್ ಕೊಳ್ಳೋ ಮಂದಿ ಕಾಲಿಗಿ ಹಾಕಿ ನೋಡತಾರ, ಉಗುರಿಲೆ ಯಾರು ಒತ್ತತಾರ? ಅವ ನನ್ನ ಮಾರಿ ನೋಡಿ, "ಯಾರಿಗ್ರಿ?" ಅಂದ. "ಬಾಗಲವಾಡದಾಗ ನಮ್ಮಾಕಿ ಒಬ್ಬಾಕಿ ಅದಾಳ" ಅಂದೆ. ರಬ್ಬರ್ ಚೊಲೋ ಇತ್ತು. ಮೆತ್ತಗ, ಚಾಕು ಇಟ್ಟರ ಬೆಣ್ಣಿಗತೆ ಕೊಯ್ದು ಹೋಗಂಥಾದ್ದು. ಆ ವಿಚಾರ ತಲ್ಯಾಗ ಬಂದದ್ದ ತಡ, ಚಪ್ಪಲ್ ಕೆಳಗಿಟ್ಟೆ. ಇಷ್ಟು ವರ್ಷ ಆದರೂ ಆ ವಾಸನಿ ಬಂತಂದ್ರ ನನಗ ಮಾನ್ವಿ ನೆನಪಾಗತದ, ಮತ್ತ ಆ ಮಳಿಗಾಲ.

ನಾ ಚಿತ್ರಾ ಕಲಿಸಾಕಿ. ಈಗ ದೇವದುರ್ಗದ ಕಡೀ ಅದೀನಿ. ಆ ವರ್ಷ ಮಾನ್ವಿಯೊಳಗ ಒಂದು ಹೈಸ್ಕೂಲಿನ್ಯಾಗ ಅತಿಥಿ ಶಿಕ್ಷಕಿ ಆಗಿದ್ದೆ. ಎಂಥಾ ಹೆಸರು ಇಟ್ಟಾರ ನೋಡ್ರಿ! ಅತಿಥಿ ಅಂದ್ರ ಕರದು, ಚಾಪಿ ಹಾಸಿ, ಚಾ ಕೊಟ್ಟು ಕುಂದ್ರಸಬೇಕು. ನಮಗ ಸ್ಟಾಫ್ ರೂಮಿನ್ಯಾಗ ಒಂದು ಕುರ್ಚಿ ಸುದ್ದಾ ಇದ್ದಿಲ್ಲ. ಕಿಡಕಿ ಕಟ್ಟಿ ಮ್ಯಾಲ ಕುಂತು ದಿನಾ ಕಳೀತಿದ್ದೆ. ಮಳಿ ಅಂದ್ರ ಮಳಿನೂ ಅಲ್ಲ ಅದು, ಬಂದಂಗ ಮಾಡಿ ಹೋಗಿಬಿಡತಿತ್ತು, ಆಮ್ಯಾಲ ಕುದಿ. ಎರಿ ಮಣ್ಣು ಮಾತ್ರ ಅಷ್ಟಕ್ಕ ಹದಾ ಆಗಿ, ಬಸ್‌ಸ್ಟ್ಯಾಂಡಿನಿಂದ ಶಾಲಿ ಮುಟ್ಟೂತನ ಚಪ್ಪಲಿಗಿ ಸೇರು ಮಣ್ಣು ಹತ್ತಿರತಿತ್ತು.

ಮಳಿಗಾಲ ಶುರುವಿಗೆ ಶಾಲಿ ಲೈಬ್ರರಿಗಿ ಯಾರೋ ಪುಣ್ಯಾತ್ಮರು ಒಂದು ಡಬ್ಬಿ ಪುಸ್ತಕ ದಾನ ಕೊಟ್ಟಿದ್ರು. ಅದರಾಗ ಮೂರು ಪುಸ್ತಕ ಚಿತ್ರದ್ದು. ಒಂದು, ದೊಡ್ಡ ದೊಡ್ಡ ಊರಾಗ ಹುಡುಗ್ರು ಗೋಡಿ ಮ್ಯಾಲ ಬರಿಯೋ ಗ್ರಾಫಿಟಿದು. ಇನ್ನೊಂದು, ಕಟ್ಟಿಗಿ, ರಬ್ಬರ್ ಕೊರದು ಕಾಗದದ ಮ್ಯಾಲ ಅಚ್ಚು ಒತ್ತೋದು. ಮೂರನೇದು, ಮನ್ಯಾಗಿನ ಹಳೇ ಸಾಮಾನಿಲೆ ಕಲಾ ಮಾಡೋದು. ಎಲ್ಲಾ ಇಂಗ್ಲಿಷು, ಎಲ್ಲಾ ಥಳಥಳ ಹಾಳಿ. "ಚಿತ್ರ ಭಾಳ ಅದಾವ್ರಿ, ನಮಗೇನು ತಿಳೀತದ, ನೀವ ಒಯ್ರಿ" ಅಂತ ಹೆಡ್‌ಮಾಸ್ತರ್ರು ನನ್ನ ಕೈಯಾಗ ಹಾಕಿದ್ರು.

ಮಧ್ಯಾಹ್ನದ ಪೀರಿಯಡ್ಡಿನ್ಯಾಗ ಹುಡುಗ್ಯಾರು ನಿದ್ದಿ ತೂಗಬೇಕು, ಅಂಥಾ ಹೊತ್ತು. ನಾ ಗೋಡಿ ಪುಸ್ತಕ ಬಿಚ್ಚಿದೆ ನೋಡ್ರಿ, ಒಬ್ಬಾಕಿನೂ ಕಣ್ಣು ಮುಚ್ಚಲಿಲ್ಲ.

"ಟೀಚರ್, ಇವ್ರಿಗಿ ಗೋಡಿ ಮಾಲಕರು ಬೈಯಂಗಿಲ್ಲೇನ್ರಿ?"

"ಬೈತಾರ. ಪೊಲೀಸರೂ ಬರತಾರ. ಅದಕ್ಕ ಬರದವ್ರು ಹೆಸರು ಹಾಕಂಗಿಲ್ಲ, ಒಂದು ಗುರ್ತು ಇಡತಾರ, ಅಷ್ಟ."

ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಹೆಸರು ಹಾಕದಿದ್ರ ತಮ್ಮದು ಅಂತ ಹ್ಯಾಂಗ ಅನ್ನಬೇಕ್ರಿ ಮತ್ತ?"

ಹುಲಿಗೆಮ್ಮ ಅಂತ. ಒಂಬತ್ತನೇ ಇಯತ್ತೆ, ಬಾಗಲವಾಡದಿಂದ ಬಸ್ಸಿಗಿ ಬರಾಕಿ. ಅವರಪ್ಪ ಯಲ್ಲಪ್ಪ ಮಾನ್ವಿ ರೈಸ್ ಮಿಲ್ಲಿನ್ಯಾಗ ಚೀಲ ಹೊರೋ ಹಮಾಲ, ಅವ್ವ ದುರುಗಮ್ಮ ನಾಟಿ ಹಚ್ಚಾಕ ಹೋಗಾಕಿ. ಮನ್ಯಾಗ ಬುದ್ಧನ ಫೋಟೋ ಒಂದ, ನಮ್ಮ ಮನ್ಯಾಗ ಇದ್ದಂಥಾದ್ದ. ಹಂಗಾಗಿ ನನಗ ಅಕಿ ಮ್ಯಾಲ ಒಂದು ತೂಕ ಹೆಚ್ಚು ಜೀವ ಇತ್ತು, ಸುಳ್ಳ್ಯಾಕ ಹೇಳಲಿ.

ಅಚ್ಚಿನ ಪುಸ್ತಕ ಓದಿದ ಮ್ಯಾಲ ಹುಡುಗ್ಯಾರು ಬಿಡವಲ್ರು. ಮಾಡೂಣು ಮಾಡೂಣು ಅಂತ ಒಂದ ಹಠ. ಪುಸ್ತಕದಾಗ ಲಿನೋಲಿಯಂ ಅನ್ನೋ ಹಾಳಿ ಕೊರೀರಿ ಅಂತ ಇತ್ತು. ರಾಯಚೂರಿನ ದುಕಾನ ಎಲ್ಲಾ ಸುತ್ತಿದೆ. "ಅಂಥಾದ್ದು ಹೈದರಾಬಾದಿನ್ಯಾಗ ಸಿಗಬಹುದು ಬಾಯೀ" ಅಂತ ಒಬ್ಬ, "ನೆಲಕ್ಕ ಹಾಸೋ ಶೀಟೇನ್ರಿ?" ಅಂತ ಇನ್ನೊಬ್ಬ. ಬ್ಯಾಸತ್ತು ಮೂರನೇ ಪುಸ್ತಕ ಬಿಚ್ಚಿದೆ. ಅದರಾಗ ಒಬ್ಬಾಕಿ ಬಂಗಾರಗೂದಲಿನ ಹೆಣಮಗಳು ನಕ್ಕೊಂತ ಹಳೇ ರಬ್ಬರ್ ಚಪ್ಪಲಿ ಅಟ್ಟಿ ಕತ್ತರಿಸಿ, ಅದರ ಮ್ಯಾಲ ಹೂವು ಕೊರದು, ಅಚ್ಚು ಒತ್ತಿ ತೋರಿಸಿದ್ಲು. ಇದಕ್ಕ ಏನೂ ಖರ್ಚಿಲ್ಲ, ಮನ್ಯಾಗ ಬಿದ್ದಿದ್ದ ಸಾಕು ಅಂತ ಬರದಿತ್ತು. ನಾ ಕುಣದಾಡಿಬಿಟ್ಟೆ.

ಆ ಪುಸ್ತಕ ಬರದಾಕಿಗೆ ಚಪ್ಪಲಿ ಅಂದ್ರ ಬರೇ ರಬ್ಬರ್. ಅಕಿಗೆ ಹ್ಯಾಂಗ ಗೊತ್ತಿರಬೇಕು? ಆದ್ರ ನನಗ ಗೊತ್ತಿತ್ತಲ್ಲ! ನಮ್ಮ ಅಮ್ಮ, ಅಂದ್ರ ನಮ್ಮಪ್ಪನ ತಾಯಿ, ಗಿಲ್ಲೆಸುಗೂರಿನ ಕಡೆಯಾಕಿ, ನನ್ನ ತೊಡಿ ಮ್ಯಾಲ ಮಲಗಿಸಿಕೊಂಡು ಹೇಳತಿದ್ಲು. ದೊಡ್ಡ ಮಂದಿ ಓಣಿ ಬಂತಂದ್ರ ಚಪ್ಪಲ್ ಕಳದು ತಲಿ ಮ್ಯಾಲ ಇಟಗೊಂಡು ದಾಟತಿದ್ವಿ ಅಂತ. ಕಾಲಾಗಿಂದು ತಲಿಗಿ ಏರಿದ್ರ ಅದರ ಅರ್ಥ ಏನಂತ ನನಗಿಂತ ಚೊಲೋ ಯಾರಿಗೆ ತಿಳಿದಿರಬೇಕು? ಆದರೂ ಪುಸ್ತಕ ಕೈಯಾಗ ಇದ್ದಾಗ ನಾನೂ ಬಂಗಾರಗೂದಲಿನಾಕಿ ಆಗಿಬಿಟ್ಟಿದ್ದೆ.

ಮರುದಿನ ಹುಡುಗ್ಯಾರು ಚೀಲ ತುಂಬ ಹರಕು ಚಪ್ಪಲ್ ತಂದ್ರು. ಬ್ಲೇಡಿಲೆ, ಛತ್ರಿ ಕಡ್ಡಿಲೆ ಕೊರದ್ರು. ಲಗ್ನಪತ್ರಿಕಾ ಹೊಡಿಯೋ ಪ್ರೆಸ್ಸಿನಿಂದ ಉಳಿದ ಮಸಿ ಬೇಡಿಕೊಂಡು ಬಂದೆ. ಅರಿವಿ ಉಂಡಿಲೆ ಮಸಿ ಬಡದು, ಕಾಗದ ಇಟ್ಟು, ಚಮಚದ ಬೆನ್ನಿಲೆ ತಿಕ್ಕಿ ಎತ್ತಿದ್ರ ಹೂವು, ನವಿಲು, ಎತ್ತು! ಕ್ಲಾಸೆಲ್ಲಾ ಮಸಿ, ಮಾರಿಯೆಲ್ಲಾ ಮಸಿ. ಅಷ್ಟು ಖುಷಿ ನಾ ಶಾಲ್ಯಾಗ ಮತ್ತ ಕಂಡಿಲ್ಲ.

ಅದ ತಿಂಗಳ ರೈಸ್ ಮಿಲ್ಲಿನ ದೊಡ್ಡ ಸಾವಕಾರ್ರು ತೀರಿಕೊಂಡ್ರು. ಶಾಲಿಗಿ ಜಾಗಾ ಕೊಟ್ಟವ್ರು ಅವ್ರು. ಶಾಲ್ಯಾಗ ಒಂದು ಶ್ರದ್ಧಾಂಜಲಿ ಸಭಾ ಇಟ್ಟು, ಹೆಡ್‌ಮಾಸ್ತರ್ರು, "ಫ್ಲೆಕ್ಸು ಎಲ್ಲಾರೂ ಮಾಡಸತಾರ. ನಮ್ಮ ಹುಡುಗ್ಯಾರ ಕಡಿಂದ ಒಂದು ಚಿತ್ರಾ ಆದ್ರ ಮಿಲ್ಲಿನವ್ರ ಮನಸಿಗೂ ಸಮಾಧಾನ" ಅಂದ್ರು. ನಾ ಹುಲಿಗೆಮ್ಮಗ ಹೇಳಿದೆ. ಅಕಿ ಪೇಪರಿನ್ಯಾಗಿನ ಫೋಟೋ ನೋಡಲೇ ಇಲ್ಲ. ಸಣ್ಣಾಕಿದ್ದಾಗ ಅಪ್ಪಗ ಬುತ್ತಿ ಒಯ್ದಾಗ ನೋಡಿದ್ಲಂತ, ಸಾವಕಾರ್ರು ಮಿಲ್ಲಿನ ಬಾಗಲದಾಗ ಹೊರಸಿನ ಮ್ಯಾಲ ಕುಂತು, ತೌಡಿನ ಧೂಳಿಗೆ ಒಂದು ಕಣ್ಣು ಕಿರಿದು ಮಾಡಿ, ಒಂದು ಹುಬ್ಬು ಮ್ಯಾಲ ಏರಿಸಿ ನೋಡೋದು. ಅದನ್ನ ಕೊರದ್ಲು. ಅಂಗೈ ಅಗಲದ ಅಚ್ಚು. ಎತ್ತಿದ ಕಾಗದ ಎರಡೆರಡು ಸಲ ನೋಡಿದೆ. ಇಂಥಾ ಕೈ ನನಗಿಲ್ಲ ಅಂತ ಅವತ್ತ ತಿಳೀತು.

ಒಂದು ಪ್ರತಿ ಮೊದಲ ಮಿಲ್ಲಿನವ್ರ ಮನಿಗಿ ಕಳಿಸಿದ್ವಿ. ಸಾವಕಾರ್ರ ಹೆಂಡತಿ ನೀಲಮ್ಮವ್ವಾರು ಆ ಏರಿದ ಹುಬ್ಬಿನ ಮ್ಯಾಲ ಬೆರಳಿಟ್ಟು, "ಫೋಟೋದಾಗ ಇಲ್ಲದವ್ರು ಇದರಾಗ ಅದಾರಲ್ಲೋ" ಅಂತ ಅತ್ತರಂತ. ಕಟ್ಟು ಹಾಕಿಸಿ, ವಿಭೂತಿ ಹಚ್ಚಿ, ದೇವರ ಮನ್ಯಾಗ ಇಟ್ಟರಂತ. ಹುಲಿಗೆಮ್ಮ ಆ ಸುದ್ದಿ ಕೇಳಿ ಇಡೀ ದಿನ ಸುಮ್ನ ನಗತಿದ್ಲು.

ಸಭಾ ದಿನ ಮಳಿ ಹೊಡದು ಬಿಟ್ಟಿತ್ತು. ಹಾಲಿನ್ಯಾಗ ಮಂದಿ ಕಿಕ್ಕಿರಿದಿದ್ರು. ಭಾಷಣ ಎಲ್ಲಾ ಆದ ಮ್ಯಾಲ ಸಾವಕಾರ್ರ ಮಗ, ಸಣ್ಣ ಸಾವಕಾರ, ಮೈಕ್ ಹಿಡದು, "ನಮ್ಮ ಅಪ್ಪಾಜಿ ಚಿತ್ರಾ ಮಾಡಿದ ಹುಡುಗಿ ಎಲ್ಲದಾಳ? ಬಾ ಯವ್ವಾ. ಅದನ್ನ ಹ್ಯಾಂಗ ಮಾಡಿದಿ? ನಮ್ಮ ಬೀಗರಿಗೆಲ್ಲಾ ಒಂದೊಂದು ಬೇಕಾಗೇದ" ಅಂದ. ಒಳ್ಳೇ ಮನಸಿಲೇ ಕೇಳಿದ. ಹುಲಿಗೆಮ್ಮ ಮ್ಯಾಲ ಹೋಗಿ, ಪಾಟಿಚೀಲದಾಗಿಂದ ಅಚ್ಚು ತಗದು ಎರಡೂ ಕೈಲೆ ಕೊಟ್ಲು. ಎಷ್ಟು ಅಭಿಮಾನದಿಂದ ಕೊಟ್ಲಂದ್ರ, ಆ ಕೈ ನನಗ ಈಗೂ ಕಣ್ಣಿಗಿ ಕಟ್ಟೇದ. ಅವ ಮಾರಿ ನೋಡಿದ, ಮಸಿ ನೋಡಿದ, ತಲಿ ಆಡಿಸಿದ. ಆಮ್ಯಾಲ ತಿರುವಿ ನೋಡಿದ.

ಹಿಂದ ಅಟ್ಟಿ ಪಟ್ಟಿ ಪಟ್ಟಿ ಹಂಗ ಇತ್ತು. ಸಂದ್ಯಾಗ ಒಣಗಿದ ಎರಿ ಮಣ್ಣು. ಬಾರು ಸಿಗಸೋ ತೂತು ಒಂದು.

"ಚಪ್ಪಲ್!" ಅಂದ. ಮೈಕ್ ಕೈಯಾಗ ಇತ್ತು. ಹಾಲು ತುಂಬ ಅದೊಂದ ಮಾತು ಕೇಳಿಸಿತು.

ಆಮ್ಯಾಲ ಏನು ಗದ್ದಲ ಅಂತೀರಿ. "ನಮ್ಮ ಯಜಮಾನ್ರ ಮಾರಿ ಚಪ್ಪಲ್ ಮ್ಯಾಲ ಇಟ್ಟಾರ!" ಅಂತ ಒಬ್ಬ, "ಯಾರ ಮಗಳಕಿ?" ಅಂತ ಇನ್ನೊಬ್ಬ. ಯಾರ ಮಗಳು ಅಂತ ತಿಳಿದ ಮ್ಯಾಲ ದನಿನ ಬ್ಯಾರಿ ಆತು. ಅಲ್ಲೀತನ ಹುಡುಗಿ ತಪ್ಪು ಮಾಡಿದ್ಲು. ಅಲ್ಲಿಂದ ಮುಂದ "ಇವರು" ಬೇಕಂತ ಮಾಡ್ಯಾರ ಅಂತ ಆತು. ನಾ ಹುಲಿಗೆಮ್ಮನ್ನ ಹಿಂದಿನ ಬಾಗಲದಿಂದ ಹೊರಗ ಕರಕೊಂಡು ಹೋದೆ. ಅಕಿ ಅಳಲಿಲ್ಲ. "ಟೀಚರ್, ನಾ ಹುಬ್ಬು ಬರೋಬ್ಬರಿ ಕೊರದೀನಲ್ರಿ" ಅಂದ್ಲು, ಅಷ್ಟ.

ಎರಡು ದಿನ ಬಿಟ್ಟು ಮಿಲ್ಲಿನ ಅಂಗಳಕ್ಕ ಕರಿಸಿದ್ರು. ಆ ಎರಡು ದಿನ ನಾ ಊಟಾ ಮಾಡಿಲ್ಲ. ಯಲ್ಲಪ್ಪನ ಕೆಲಸಾ ಹೋಗತದ, ಹುಡುಗಿ ಟಿ.ಸಿ. ಕೈಗಿ ಬರತದ, ಅಷ್ಟಕ್ಕ ಮುಗದ್ರ ದೇವರು ದೊಡ್ಡಾವ ಅಂತ ಹೆಡ್‌ಮಾಸ್ತರ್ರು ಅಂದಿದ್ರು. ಅಂಗಳದಾಗ ಒಂದು ಕಡೆ ಕುರ್ಚಿ ಮ್ಯಾಲ ಮಿಲ್ಲಿನ ಮಂದಿ. ಇನ್ನೊಂದು ಕಡೆ ಯಲ್ಲಪ್ಪ, ಹುಲಿಗೆಮ್ಮ, ದುರುಗಮ್ಮ ನಿಂತಿದ್ರು. ದುರುಗಮ್ಮ ಬರಿಗಾಲಿಲೆ ಬಂದಿದ್ಲು, ಹಿಮ್ಮಡ ತುಂಬ ಕೆಸರು. ಅಂಜಿ ಚಪ್ಪಲ್ ಹೊರಗ ಬಿಟ್ಟು ಬಂದಾಳ ಅನ್ಕೊಂಡೆ, ಅದಕ್ಕೂ ನನಗ ಸಿಟ್ಟ ಬಂತು.

ನಾ ಮೂರನೇ ಪುಸ್ತಕ ಒಯ್ದಿದ್ದೆ. ಹಾಳಿ ಬಿಚ್ಚಿ ಹಿಡದು, "ಇದರಾಗ ಅದ ನೋಡ್ರಿ. ಕಲಿಸಿದಾಕಿ ನಾನು, ಹುಡುಗಿ ಹೇಳಿದ್ದು ಮಾಡ್ಯಾಳ. ಏನು ಅನ್ನೋದದ ನನಗ ಅನ್ರಿ" ಅಂದೆ.

ಸಣ್ಣ ಸಾವಕಾರ ಪುಸ್ತಕ ಕಸಗೊಂಡು ಆ ನಗೋ ಹೆಣಮಗಳ ಚಿತ್ರಾ ನೋಡಿದ. "ಇಂಥಾ ಪುಸ್ತಕ ಹೆಣ್ಣುಡುಗ್ಯಾರ ಕೈಗಿ ಕೊಡತೀರೇನ್ರಿ?" ಅಂತ ತೌಡಿನ ರಾಶಿ ಮ್ಯಾಲ ಒಗದ. ಹಿಂದಿನಿಂದ ಯಾವನೋ ಒದರಿದ. "ಪುಸ್ತಕದ ಮಾತ್ಯಾಕ? ಅದ ಚಪ್ಪಲ್ ಈ ಹಮಾಲನ ತಲಿ ಮ್ಯಾಲ ಇಟ್ಟು ಓಣಿ ತುಂಬ ತಿರುಗಸ್ರಿ, ತಿಳೀತದ!"

ನಮ್ಮ ಅಮ್ಮ ಹೇಳಿದ್ದು ಬರೇ ಕತಿ ಅನ್ಕೊಂಡಿದ್ದೆ. ದುರುಗಮ್ಮ ಮಗಳ ರಟ್ಟಿ ಗಟ್ಟಿ ಹಿಡಕೊಂಡ್ಲು.

ಆಗ ಯಲ್ಲಪ್ಪ ಬಾಯಿ ಬಿಟ್ಟ. ಅಲ್ಲೀತನ ನೆಲಾ ನೋಡಿಕೋತ ನಿಂತಾವ, ನೆಲಾ ನೋಡಿಕೋತನ ಅಂದ. "ಯಪ್ಪಾ, ಒಂದು ಮಾತು. ಅದು ನಮ್ಮ ಚಪ್ಪಲ್ ಅಲ್ರಿ. ದೊಡ್ಡ ಸಾವಕಾರ್ರ ಕಾಲಾಗಿಂದು. ಹೋದ ಉಗಾದಿಗೆ ಹೊಸಾವು ತಂದಾಗ ಹಳೇವು ನನಗ ಕೊಟ್ಟಿದ್ರು. ನಾ ಮೆಟ್ಟಲಿಲ್ರಿ, ಹ್ಯಾಂಗ ಮೆಟ್ಟಲಿ? ಜ್ವಾಪಾನ ಇಟ್ಟಿದ್ದೆ. ಅವ್ರ ಮಾರಿ ಅಂತ ಹುಡುಗಿ ಅವ್ರದ ತೊಗೊಂಡಾಳ್ರಿ."

ಸಣ್ಣ ಸಾವಕಾರ ಕೈಯಾಗಿನ ಅಚ್ಚು ಮತ್ತ ತಿರುವಿ ನೋಡಿದ.

ಬಾಗಲದಾಗ ನಿಂತಿದ್ದ ನೀಲಮ್ಮವ್ವಾರು, "ಖರೇನ ಯಲ್ಲಪ್ಪ?" ಅಂದ್ರು.

"ಖರೇರಿ ಯವ್ವಾ. ಅನ್ನದಾಣೆ."

ನೀಲಮ್ಮವ್ವಾರು ಮೆಟ್ಟಲ ಇಳದು ಬಂದು ಮಗನ ಕೈಯಾಗಿಂದ ಅಚ್ಚು ತೊಗೊಂಡ್ರು. ಸೆರಗಿಲೆ ಮಣ್ಣು ಒರಸಿದ್ರು. ಕಣ್ಣಿಗಿ ಒತ್ತಿಕೊಂಡ್ರು. "ಪಾದುಕಾ ಅಲ್ಲೇನೋ ಇದು, ಹುಚ್ಚಪ್ಪಗೋಳ್ರಾ! ಗುರುವಿನ ಪಾದುಕಾ ತಲಿ ಮ್ಯಾಲ ಇಡತೀವಿ, ಅಪ್ಪನ ಪಾದುಕಾ ಮೈಲಿಗಿ ಏನು?" ಅಂದ್ರು. ಅಷ್ಟ ನೋಡ್ರಿ. ಈಗಿನ್ನ ಒದರತಿದ್ದ ಮಂದಿ ಕುರ್ಚಿ ಬಿಟ್ಟು ಎದ್ದು, ತಮ್ಮ ತಮ್ಮ ಚಪ್ಪಲ್ ಕಳದು ಕೈ ಮುಗದು ನಿಂತ್ರು. ತಲಿ ಮ್ಯಾಲ ಚಪ್ಪಲ್ ಇಟ್ಟು ತಿರುಗಸ್ರಿ ಅಂದಾವ ಎಲ್ಲಾರಿಗಿಂತ ಮುಂದ. ಅದ ರಬ್ಬರ್, ಅದ ತೂತು, ಅದ ಮಸಿ. ಯಾರ ಕಾಲಾಗಿಂದು ಅನ್ನೋದೊಂದ ಬದಲಾತು.

ಸಣ್ಣ ಸಾವಕಾರ ಯಲ್ಲಪ್ಪನ ಹೆಗಲು ತಟ್ಟಿ, "ಮೊದಲ ಹೇಳೂದಲ್ಲೇನೋ ಹುಚ್ಚ" ಅಂದ. ಚಾ ಬಂತು. ಹೆಡ್‌ಮಾಸ್ತರ್ರು ಬೆವರು ಒರಸಿಕೊಂಡ್ರು. ನಾ ತೌಡಿನ್ಯಾಗ ಬಿದ್ದಿದ್ದ ಪುಸ್ತಕ ಎತ್ತಿ ಜಾಡಿಸಿದೆ. ಅಚ್ಚು ಮಾತ್ರ ನೀಲಮ್ಮವ್ವಾರ ಕೈಯಾಗ ಒಳಗ ಹೋತು.

ಬಸ್‌ಸ್ಟ್ಯಾಂಡಿನ್ಯಾಗ ಬಾಗಲವಾಡದ ಬಸ್ಸಿಗಿ ನಿಂತಾಗ ನನಗ ಜೀವ ಹಗುರಾಗಿತ್ತು. ಹುಲಿಗೆಮ್ಮ ಮಾತ್ರ ಮಾರಿ ಗಂಟು ಹಾಕಿಕೊಂಡಿದ್ಲು.

"ಟೀಚರ್, ನನ್ನ ಅಚ್ಚು ವಾಪಸ್ ಕೊಡತಾರೇನ್ರಿ?"

"ಕೊಡಂಗಿಲ್ಲವ್ವಾ. ಅವ್ರ ಮನಿ ಯಜಮಾನಂದು ಅಂದ್ರ ಅವ್ರ ಇಟಗೋತಾರ. ನೀ ಪಾರಾದಿ, ಅಷ್ಟ ಸಾಕು."

"ಅದು ಅವ್ರದಲ್ರಿ." ಅಕಿ ಸುತ್ತ ನೋಡಿ ದನಿ ಇಳಿಸಿದ್ಲು. "ನಮ್ಮವ್ವಂದ್ರಿ."

ನಾ ತಿರುಗಿ ದುರುಗಮ್ಮನ ಕಾಲ ನೋಡಿದೆ. ಅವತ್ತ ಅಷ್ಟ ಅಲ್ಲ, ಮಗಳು ಎಡಗಾಲಿನ ಚಪ್ಪಲ್ ಕತ್ತರಿಸಿದಾಗಿಂದ ಆ ಹೆಣಮಗಳು ಬರಿಗಾಲಿಲೇ ನಾಟಿಗಿ ಹೋಗತಿದ್ಲಂತ. ದುರುಗಮ್ಮ ಸೆರಗು ಬಾಯಾಗ ತುರುಕಿಕೊಂಡ್ಲು. ನಗಾಕತ್ತಾಳೋ ಅಳಾಕತ್ತಾಳೋ ಗೊತ್ತಾಗವಲ್ದು. ಯಲ್ಲಪ್ಪ ಮಾತ್ರ ಕೈ ಮುಗದ. "ಅಕ್ಕೋರ, ಅನ್ನದ ಮ್ಯಾಲ ಸುಳ್ಳ ಆಣಿ ಮಾಡೀನಿ. ಈ ಮಾತು ನಿಮ್ಮ ಹೊಟ್ಟ್ಯಾಗ ಇರಲ್ರಿ."

ಆ ವರ್ಷದ ಉಳಿದ ದಿನ ನಾ ಹ್ಯಾಂಗ ಕಳದೆ ಅಂತ ಹೇಳಾಕ ಬರಂಗಿಲ್ಲ. ದೇವರ ಮನ್ಯಾಗ ದಿನಾ ಆ ಅಚ್ಚಿಗಿ ಹೂವು ಏರತಾವ ಅಂತ ಸುದ್ದಿ ಬಂದಾಗೊಮ್ಮೆ ಅಂಜತಿದ್ದೆ. ಸಾವಕಾರ್ರ ಕಾಲ ಅಷ್ಟು ಸಣ್ಣವು ಇದ್ದಿಲ್ಲಲ್ಲ ಅಂತ ಯಾರರ ಅಂದ್ರ? ಯಲ್ಲಪ್ಪ ದಿನಾ ಅದ ಮಿಲ್ಲಿಗಿ ಹೋಗಿ ಚೀಲ ಹೊರತಿದ್ದ. ಶಾಲ್ಯಾಗ ಮೂರೂ ಪುಸ್ತಕ ಕಪಾಟಿನ್ಯಾಗ ಹೋಗಿ ಕೀಲಿ ಬಿತ್ತು. ಚಿತ್ರದ ಪೀರಿಯಡ್ಡು ಗಣಿತಕ್ಕ ಹೋತು.

ಭತ್ತ ಕೊಯ್ಲಿನ ಹೊತ್ತಿಗಿ ಶಾಲಿ ಹಿಂದಿನ ಗೋಡಿ ಮ್ಯಾಲ ಒಂದು ಗುರ್ತು ಬಂತು. ರಟ್ಟು ಕತ್ತರಿಸಿ ನೀಲಿ ಬಣ್ಣ ಬಡದದ್ದು. ಒಂದ ಚಪ್ಪಲ್, ಎಡಗಾಲಿಂದು. ಹೆಡ್‌ಮಾಸ್ತರ್ರು ಸುಣ್ಣಾ ಬಡಿಸಿದ್ರು. ಮತ್ತ ಬಂತು. ನಾ ಹುಲಿಗೆಮ್ಮನ್ನ ಬಾವಿ ಕಡೆ ಕರದು ಚೆಂದಗ ಬೈದೆ. "ನಿಮ್ಮಪ್ಪನ ಕುತ್ತಿಗಿಗಿ ತರತಿ ಏನಬೇ?" ಅಂದೆ. ಅಕಿ ನನ್ನ ಕಣ್ಣಾಗ ಕಣ್ಣಿಟ್ಟು, "ಹೆಸರು ಬರಿಬ್ಯಾಡಂದ್ರ ಬರೆಂಗಿಲ್ರಿ. ಗುರ್ತೂ ಬ್ಯಾಡೇನ್ರಿ?" ಅಂದ್ಲು. ಬ್ಯಾಡ ಅಂದೆ. ಆಮ್ಯಾಲ ಗೋಡಿ ಮ್ಯಾಲ ಗುರ್ತು ಬರಲಿಲ್ಲ. ಮುಂದಿನ ಜೂನಿಗೆ ನನ್ನನ್ನ ಆ ಶಾಲಿಗಿ ಕರಿಲಿಲ್ಲ.

ಯಲ್ಲಪ್ಪ ಈ ಬ್ಯಾಸಗಿಗೆ ಮಿಲ್ಲು ಬಿಟ್ಟ. ಅದಕ್ಕ ಈಗ ಇದನ್ನ ಬರಿಯೋ ಧೈರ್ಯ ನನಗ ಬಂತು, ಅದೂ ಹೆಸರೆಲ್ಲಾ ಬದಲಿ ಮಾಡಿ. ಹುಲಿಗೆಮ್ಮ ಈಗ ಊರೂರು ತಿರುಗಿ ಶಾಲಿ ಗೋಡಿಗೆ ಚಿತ್ರಾ ಬರೀತಾಳ, ಕೇಳಿಯೇ ಬರೀತಾಳ. "ಬರ್ರಿ ಟೀಚರ್, ಒಂದು ತೋರಸೋದದ" ಅಂತ ಫೋನ್ ಮಾಡಿದ್ಲು. ಅದಕ್ಕ ಆ ಚಪ್ಪಲ್ ಕೊಂಡು ಭಾನುವಾರ ಬಾಗಲವಾಡಕ್ಕ ಹೋದೆ.

ದುರುಗಮ್ಮ ಹೊಸಾ ಜೋಡು ತಿರುವಿ ನೋಡಿ, ಮೂಸಿ ನೋಡಿ, "ಯಾಕ ತಂದ್ರಿ ಅಕ್ಕೋರ" ಅಂತ ನಕ್ಕಳು. ಹುಲಿಗೆಮ್ಮ ಒಳಗಿಂದ ಪ್ಲಾಸ್ಟಿಕ್ ಚೀಲದಾಗ ಸುತ್ತಿದ್ದು ಒಂದು ತಂದ್ಲು. ಅವ್ವನ ಹಳೇ ಬಲಗಾಲಿನ ಚಪ್ಪಲ್. ಇಷ್ಟು ವರ್ಷ ಗೋಡಿ ಮಾಡದಾಗ ಇಟ್ಟಿದ್ಲಂತ. ಬಗಲಾಗ ಒಂದು ಕಾಗದ, ಅದರ ಮ್ಯಾಲ ಪೆನ್ಸಿಲ್ಲಿಲೆ ದುರುಗಮ್ಮನ ಮಾರಿ. ಭಾಳ ಚೊಲೋ ಬರದಿದ್ಲು.

"ಇದರ ಮ್ಯಾಲ ಅವ್ವನ್ನ ಕೊರಿತೀನ್ರಿ. ಕೆಳಗ ನನ್ನ ಹೆಸರು ಹಾಕತೀನಿ. ನೀವಿದ್ದಾಗ ಶುರು ಮಾಡಬೇಕಂತ ಕರದೆ."

ನಾ ಹತ್ರ ಸರದು ಕುಂತೆ. ಹುಲಿಗೆಮ್ಮ ಚಾಕು ತೊಗೊಂಡು ಕುಂತ್ಲು. ದುರುಗಮ್ಮ ಕಾಗದ ನೋಡಿದ್ಲು, ಚಪ್ಪಲ್ ನೋಡಿದ್ಲು, ಬಂದು ಮಗಳ ಕೈ ಹಿಡದ್ಲು.

"ಬ್ಯಾಡ."

"ಯಾಕಬೇ ಯವ್ವಾ? ನಿಂದ ಚಪ್ಪಲ್, ನಿಂದ ಮಾರಿ."

"ಸಾವಕಾರ್ರಿಗೆ ನಡೀತದವಾ. ಅವ್ರದು ಚಪ್ಪಲ್ ಮ್ಯಾಲ ಬಂದರೂ ದೇವರ ಮನಿಗಿ ಹೋಗತದ. ನಾವು ತಲಿ ಮ್ಯಾಲ ಹೊತ್ತು ದಾಟಿದ ಮಂದಿ. ನನ್ನ ಮಾರಿ ಚಪ್ಪಲ್ ಮ್ಯಾಲ ಬ್ಯಾಡ. ಬ್ಯಾರೆ ಏನರ ತೊಗೊ."

ಹುಲಿಗೆಮ್ಮ ಚಾಕು ಕೆಳಗಿಟ್ಟಳು. ದುರುಗಮ್ಮ ಆ ಹಳೇ ಬಲಗಾಲಿಂದನ್ನ ತೊಗೊಂಡು ತಿಪ್ಪಿಗೆ ಒಗದು ಬಂದು, ಹೊಸಾ ಚಪ್ಪಲ್ ಮೆಟ್ಟಿಕೊಂಡು ಹೊಲದ ಕಡೆ ಹೋದ್ಲು.